ಓಬಳೇಶಪ್ಪನವರ ಸೀರೆಗೆ ಹಸಿರು ಬಂದ ವರ್ಷ

ಸುಟ್ಟ ಕೂದಲಿನ ವಾಸನೆ ಬಂದರೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮೊಳಕಾಲ್ಮುರಿನ ಒಂದು ಬೀದಿ ಕಣ್ಣ ಮುಂದೆ ಬರುತ್ತದೆ.

ಹೋದ ವಾರ ಚಿಕ್ಕಮ್ಮ ನನ್ನನ್ನು ಚಳ್ಳಕೆರೆಯ ಪೇಟೆಗೆ ಎಳೆದುಕೊಂಡು ಹೋಗಿದ್ದಳು. ಅವಳ ಮಗಳ ಮದುವೆಗೆ ಧಾರೆ ಸೀರೆ ನೋಡಬೇಕಿತ್ತು. ಅಂಗಡಿಯ ಶೆಟ್ಟರು ಅರಿಶಿನ ಬಣ್ಣದ ಸೀರೆಯೊಂದರ ತುದಿಯಿಂದ ಎಳೆ ಹಿರಿದು, ಬೆಂಕಿಕಡ್ಡಿ ಗೀರಿ ಸುಟ್ಟು, ಬೂದಿಯನ್ನು ಬೆರಳಲ್ಲಿ ತಿಕ್ಕಿ ತೋರಿಸಿದರು.

“ನೋಡ್ರಮ್ಮ, ಕೂದ್ಲು ಸುಟ್ಟಂಗೆ ವಾಸ್ನೆ ಬರ್ತೈತಾ ಇಲ್ವಾ? ಅಪ್ಪಟ ರೇಷ್ಮೆ.”

“ರೇಷ್ಮೆ ಅನ್ನೋದು ಒಪ್ದೆ ಶೆಟ್ರೇ. ಕೈಮಗ್ಗ ಅನ್ನಾಕೆ ಏನು ಸುಡ್ತೀರಿ?” ಎಂದಳು ಚಿಕ್ಕಮ್ಮ.

ಶೆಟ್ಟರು ನಗಲಿಲ್ಲ. ನನ್ನ ಮುಖ ನೋಡಿದರು. ನಾನು ಬೀದಿಯ ಕಡೆ ನೋಡಿದೆ. ಏಕೆಂದರೆ ಅದು ಚಿಕ್ಕಮ್ಮನ ಪ್ರಶ್ನೆಯಲ್ಲ, ನನ್ನದು. ಆ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ನಾನು ಆಷಾಢದ ಗಾಳಿಯಿಂದ ಕಾರ್ತಿಕದ ಚಳಿಯವರೆಗೆ ಒಂದು ಇಡೀ ಬದುಕನ್ನೇ ಬದುಕಿ ಮುಗಿಸಿದ್ದೆ.

ನಮ್ಮವ್ವ ಸೀರೆಗೆ ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟುವವಳು. ನಮ್ಮ ಮನೆ ಇರುವುದು ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದೆ. ಕಡಲೆಕಾಯಿ ಹಿಂಡಿಯ ವಾಸನೆಯ ನಡುವೆಯೇ ಊರಿನ ಎಲ್ಲ ಮದುವೆ ಸೀರೆಗಳೂ ನಮ್ಮ ಜಗುಲಿಗೆ ಬಂದು ಹೋಗುತ್ತವೆ. ಜೊತೆಗೆ ಹೆಂಗಸರ ಜಗಳವೂ ಬರುತ್ತದೆ. ನಂದು ಕೈಮಗ್ಗ, ನಿಂದು ಮಿಷನ್ನಿಂದು. ಅಲ್ಲ, ನಿಂದೇ ಮಿಷನ್ನಿಂದು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪರವನ್ನೂ ವಿರೋಧವನ್ನೂ ಒಂದೇ ಉಸಿರಿನಲ್ಲಿ ವಾದಿಸಿ ಬಹುಮಾನದ ಕಪ್ ಹೊತ್ತು ತಂದಿದ್ದ ನನಗೆ ಈ ಜಗಳ ಸಹಿಸಲಾಗುತ್ತಿರಲಿಲ್ಲ. ಇಬ್ಬರ ಬಳಿಯೂ ಸಾಕ್ಷಿ ಇಲ್ಲ, ಇಬ್ಬರಿಗೂ ಗಂಟಲು ಇದೆ. ಸಾಕ್ಷಿಯನ್ನು ಯಾಕೆ ತಯಾರಿಸಬಾರದು? ಫೋನನ್ನು ಸೀರೆಯ ಮೇಲಿಟ್ಟರೆ ಇದು ಕೈಯದು, ಇದು ಯಂತ್ರದ್ದು ಎಂದು ಹೇಳುವ ಒಂದು ಆಪ್. ನನ್ನ ಸ್ಟಾರ್ಟಪ್ ಹುಟ್ಟಿದ್ದು ಅಷ್ಟರಿಂದಲೇ.

ನನಗೆ ಮಾತು ಬರುತ್ತಿತ್ತು, ತಂತ್ರಜ್ಞಾನ ಬರುತ್ತಿರಲಿಲ್ಲ. ಅದನ್ನು ಬಲ್ಲ ಕೋ-ಫೌಂಡರ್ ಒಬ್ಬ ಬೇಕಿತ್ತು. ಬಲ್ಲವನಷ್ಟೇ ಅಲ್ಲ, ನಂಬಬಹುದಾದವನು. ನನ್ನದೇ ತರಗತಿಯ ಒಬ್ಬ ಅದಾಗಲೇ ನನ್ನ ಯೋಚನೆಯನ್ನು ತನ್ನದೆಂದು ಬೇರೊಂದು ಸ್ಪರ್ಧೆಯಲ್ಲಿ ಇಟ್ಟು ಬಹುಮಾನ ಪಡೆದು, ನನಗೇ ಫೋಟೋ ಕಳಿಸಿದ್ದ. ಆಮೇಲೆ ನಾನು ನಂಬಿಕೆ ಎಂಬ ಪದವನ್ನೇ ಅನುಮಾನಿಸತೊಡಗಿದೆ. ನಂಬಿಕೆ ಎಂದರೇನು? ಇನ್ನೂ ಯಾರೂ ಖಂಡಿಸದ ಒಂದು ವಾದ, ಅಷ್ಟೆ. ಹಾಗಾದರೆ ಖಂಡಿಸಿ ನೋಡುವುದೇ ಸರಿ.

ಬಂದವರಿಗೆಲ್ಲ ಒಂದು ಬಲೆ ಒಡ್ಡುತ್ತಿದ್ದೆ. “ಕೈಮಗ್ಗದ ಸೀರೆಯ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ, ಬಟ್ಟೆ ಬಿಗಿಹಿಡಿಯುವ ಕೋಲಿನ ಮೊಳೆ ಚುಚ್ಚಿ ಆದದ್ದು. ಅವುಗಳ ಫೋಟೋ ತೆಗೆದರೆ ಸಾಕು, ಆಪ್ ಸಿದ್ಧ” ಎಂದು ಬಹಳ ಖಚಿತವಾಗಿ ಹೇಳುತ್ತಿದ್ದೆ. ಅದು ಅರ್ಧ ಸತ್ಯ ಎಂದು ನನಗೆ ಗೊತ್ತಿತ್ತು. ತಲೆಯಾಡಿಸಿದವನು ಹೊರಗೆ. ದಾವಣಗೆರೆಯಿಂದ ಬಂದವನು ತಲೆಯಾಡಿಸಿದ್ದಲ್ಲದೆ “ಸೂಪರ್” ಎಂದ. ನನ್ನಿವಾಳದ ನಮ್ಮ ನೆಂಟರ ಹುಡುಗ ತೂತಿನ ವಿಷಯ ಕೇಳಲೇ ಇಲ್ಲ. ಕಾರ್ಡಿನಲ್ಲಿ ತನ್ನ ಹೆಸರಿನ ಕೆಳಗೆ ಏನು ಬರೆಯುತ್ತೀರಿ ಎಂದು ಕೇಳಿದ.

“ಗಂಡು ನೋಡಾಕೂ ಯಾರೂ ಇಷ್ಟು ಪ್ರಶ್ನೆ ಕೇಳಲ್ಲ ಕಣೇ” ಎಂದಳು ಅವ್ವ, ಹಲ್ಲಿನಲ್ಲಿ ದಾರ ಕಡಿಯುತ್ತ.

“ಅದಕ್ಕೇ ಆ ಮದುವೆಗಳು ಹಂಗಾಗಿರೋದು.”

“ನಂದೂ ಸೇರಿಸಿ ಹೇಳ್ತಿದೀಯೇನೇ?”

ಅಲ್ಲಿಂದೆದ್ದು ಕುದಾಪುರದ ಬಸ್ಸು ಹತ್ತಿದೆ. ಅಲ್ಲಿನ ಹುಲ್ಲುಗಾವಲಿನ ಪಕ್ಕದ ವಿಜ್ಞಾನ ಸಂಸ್ಥೆಗಳ ಕ್ಯಾಂಪಸ್ಸುಗಳಲ್ಲೊಂದರಲ್ಲಿ ಉಪಕರಣ ರಿಪೇರಿಗೆ ಗುತ್ತಿಗೆಯ ಮೇಲೆ ಕೆಲಸ ಮಾಡುವ ಹುಡುಗನೊಬ್ಬನಿದ್ದಾನೆ, ಡಿಪ್ಲೊಮಾ ಓದಿದವನು, ನೇಕಾರರ ಮನೆಯವನು ಎಂದು ಯಾರೋ ಹೇಳಿದ್ದರು. ಆಷಾಢದ ಗಾಳಿ ಬೇಲಿಯಾಚೆ ಹುಲ್ಲನ್ನು ಒಂದೇ ಕಡೆಗೆ ಬಾಚಿ ಮಲಗಿಸಿತ್ತು. ಕ್ರಾಸಿನ ಟೀ ಅಂಗಡಿಯಲ್ಲಿ ಲೋಟದ ಮೇಲೆ ಅಂಗೈ ಮುಚ್ಚಿಕೊಂಡು, ದೂಳು ಬೀಳದ ಹಾಗೆ ಕುಡಿಯುತ್ತಿದ್ದವನೇ ಮಾರ್ಕಂಡ. ನಾನು ತೂತಿನ ವಾದವನ್ನು ಪೂರ್ತಿಯಾಗಿ ಮಂಡಿಸಿದೆ.

“ತಪ್ಪು ಮೇಡಂ,” ಎಂದ.

“ಯಾಕೆ?”

“ತೂತು ಯಾರು ಬೇಕಾದ್ರೂ ಚುಚ್ಚಬಹುದು. ಸೂಜಿ ಇದ್ರೆ ಸಾಕು. ನೀವು ಪೆಟ್ಟು ನೋಡ್ಬೇಕು. ಎಳೆ ಕೂರಿಸಾಕೆ ಹಲಗೆ ಎಳೆದು ಬಡೀತಾರಲ್ಲ, ಆ ಪೆಟ್ಟು. ಮಿಷನ್ನು ಒಂದೇ ಸಮ ಬಡೀತೈತೆ. ಕೈ ಹಂಗಲ್ಲ.” ಒಂದು ಗುಟುಕು ಕುಡಿದು ಸೇರಿಸಿದ: “ಇದು ನಿಮಗೆ ಮೊದ್ಲೇ ಗೊತ್ತಿತ್ತು ಅನ್ಸುತ್ತೆ. ಯಾಕೆ ಸುಳ್ಳು ಹೇಳಿದ್ರಿ?”

ಬಲೆ ಒಡ್ಡಿದವಳನ್ನೇ ಬಲೆ ಸಮೇತ ಎತ್ತಿ ಆಚೆ ಇಟ್ಟಿದ್ದ. ಹಿಂದಿರುಗುವ ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಿದ್ದೆ.

ಆದರೂ ಒಂದು ಷರತ್ತು ಹಾಕಿದೆ. ಆಪ್ ಪೂರ್ತಿ ಸಿದ್ಧವಾಗಿ ನಾವಿಬ್ಬರೂ ಒಪ್ಪಿ ಹೊರಬಿಡುವ ತನಕ ಅದನ್ನು ತೆರೆಯಲು ಎರಡು ಗುಟ್ಟುಪದ ಬೇಕು. ಒಂದು ನನ್ನದು, ಒಂದು ಅವನದು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಬಾರದು.

“ಬರೆಯೋನು ನಾನು. ನನಗೇ ಬೀಗಾನಾ?” ಎಂದ.

“ಹೌದು.”

“ಸರಿ, ಹಾಕ್ಕೊಡ್ತೀನಿ. ಬೀಗಾನೂ ನಾನೇ ಮಾಡ್ಬೇಕಲ್ಲ.”

ಬೀಗ ಸಿದ್ಧವಾದ ಭಾನುವಾರ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದೆವು. ಒಪ್ಪಂದಕ್ಕೆ ಸಾಕ್ಷಿ ಬೇಕಿದ್ದರೆ ಅಶೋಕನ ಕಾಲದ ಕಲ್ಲೇ ಇದೆಯಲ್ಲ ಎಂದು ತಮಾಷೆ ಮಾಡಿದ್ದವನು ಅವನೇ. ಗಾಳಿಗೆ ನನ್ನ ವೇಲು ಮುಖಕ್ಕೇ ಸುತ್ತಿಕೊಳ್ಳುತ್ತಿತ್ತು. ಸವೆದ ಅಕ್ಷರಗಳ ಮುಂದೆ ನಿಂತು, ಶಾಲೆಯಲ್ಲಿ ಮೇಷ್ಟರು ಹೇಳಿದ್ದನ್ನು ಅವನು ನೆನಪಿಸಿಕೊಂಡ: ತಂದೆತಾಯಿಯ ಮಾತು ಕೇಳಬೇಕು, ಸತ್ಯವನ್ನೇ ಹೇಳಬೇಕು ಎಂಬ ಅರ್ಥದ್ದು ಅದರಲ್ಲಿದೆಯಂತೆ.

“ಎರಡನ್ನೂ ಒಟ್ಟಿಗೆ ಹೇಳಿದರೆ ಹೇಗೆ?” ಎಂದು ನಾನು ಶುರುಮಾಡಿದೆ. “ಒಂದಕ್ಕೊಂದು ಎದುರಾದರೆ?”

“ಎರಡೂ ಒಂದೇ ಕಲ್ಲ ಮ್ಯಾಗೆ ಐತಲ್ಲ ಸಿಂಧು. ಇಷ್ಟು ವರ್ಷ ಜಗಳ ಆಡಿಲ್ಲ.”

ಅವನು ಮೇಡಂ ಬಿಟ್ಟು ಹೆಸರು ಹಿಡಿದದ್ದು ಅಲ್ಲೇ. ನಾನು ವಾದ ಮುಂದುವರಿಸಲಿಲ್ಲ. ಅವನ ಜೊತೆ ವಾದ ಬಿಟ್ಟುಕೊಟ್ಟರೆ ಸೋತ ಹಾಗೆ ಅನಿಸುತ್ತಿರಲಿಲ್ಲ. ನನಗೆ ಅದು ಹೊಸದು.

ಶ್ರಾವಣದಿಂದ ನಮ್ಮ ಕೆಲಸದ ಜಾಗ ಮೊಳಕಾಲ್ಮುರಿನ ಅವರ ಮನೆಯಾಯಿತು. ನಡುಮನೆಯ ನೆಲದಲ್ಲಿ ಮಗ್ಗದ ಕುಣಿ, ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ಅವನ ತಂದೆ ಓಬಳೇಶಪ್ಪನವರು. ಒಣಗಾಳಿಗೆ ರೇಷ್ಮೆ ಎಳೆ ಪಟ್ಟನೆ ಹರಿಯುತ್ತದೆಂದು ಕಿಟಕಿ ಮುಚ್ಚಿ, ಒಂದು ಬಲ್ಬಿನ ಬೆಳಕಿನಲ್ಲಿ ನೇಯುತ್ತಿದ್ದರು. ಅಂಚಿನ ಬಣ್ಣ ಬೇರೆ. ಅದಕ್ಕೆ ಬೇರೆ ಲಾಳಿ. ಆ ಕಡೆಯ ಅಂಚಿಗೆ ಮಾರ್ಕಂಡನ ಅಮ್ಮ ಕೂರುತ್ತಿದ್ದರು. ಲಾಳಿ ಬಿಡುವಾಗ ಓಬಳೇಶಪ್ಪನವರು ತಮ್ಮ ಮನೆಮಾತು ತೆಲುಗಿನಲ್ಲಿ “ಅಂದುಕೋ” ಎನ್ನುತ್ತಿದ್ದರು, ಹಿಡಿದುಕೋ ಎಂದು. ಆಕೆ ಹಿಡಿದು, ಅಂಚಿನ ಎಳೆಗೆ ತೊಡರಿಸಿ ಮರಳಿಸುತ್ತಿದ್ದರು. ಲಾಳಿ ಎದುರಿನ ಕೈಯಲ್ಲಿದ್ದಾಗ ಇವರ ಕೈ ಸುಮ್ಮನೆ ಕಾಯುತ್ತಿತ್ತು. ಅದು ಮರಳಿ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಆ ಮನೆಯಲ್ಲಿ ಯಾರಿಗೂ ಹುಟ್ಟಿದಂತಿರಲಿಲ್ಲ. ನನಗೆ ಬೀಗದ ನೆನಪಾಗಿ ಸ್ವಲ್ಪ ನಾಚಿಕೆಯಾಯಿತು.

ಓಬಳೇಶಪ್ಪನವರು ನನ್ನನ್ನು “ಲಾಯರಮ್ಮಾ” ಎಂದು ಕರೆಯುತ್ತಿದ್ದರು. “ನಮ್ಮೋನು ಮಾತಾಡಲ್ಲ, ನೀನು ಬಿಡಲ್ಲ. ಮಂಚಿ ಜೋಡಿ” ಎಂದು ನಗುತ್ತಿದ್ದರು, ಒಳ್ಳೆ ಜೋಡಿ ಎಂದು. ಮಾರ್ಕಂಡ ತಲೆ ಎತ್ತದೆ ಲ್ಯಾಪ್‌ಟಾಪಿನಲ್ಲಿ ಎಳೆ ಎಣಿಸುತ್ತಿದ್ದ. ಫೋನಿನ ಕ್ಯಾಮೆರಾಕ್ಕೆ ಸಿಕ್ಕಿಸುವ ಒಂದು ಚಿಕ್ಕ ಮಸೂರ, ಎಳೆಗಳ ನಡುವಿನ ಅಂತರವನ್ನು ಗೆರೆಯಾಗಿ ಬರೆದು ತೋರಿಸುವ ಪರದೆ. ಅಂತರ ಒಂದೇ ಸಮ ಇದ್ದರೆ ಕೆಂಪು, ಏರುಪೇರಿದ್ದರೆ ಹಸಿರು; ಏರುಪೇರು ಹೆಚ್ಚಿದಷ್ಟೂ ಹಸಿರು ಗಾಢ. ಆ ಬೀದಿಯ ಬೇರೆ ಮನೆಗಳ ಸೀರೆಗಳನ್ನೂ ಪೇಟೆಯ ಮಿಷನ್ ಸೀರೆಗಳನ್ನೂ ಗುಡ್ಡೆ ಹಾಕಿ, ಯಾವುದು ಯಾವುದೆಂದು ತಿಳಿಸದೆ ಅವನ ಮುಂದಿಟ್ಟು ನಾನು ಪರೀಕ್ಷಿಸುತ್ತಿದ್ದೆ. ಸುಳ್ಳು ಹೇಳಿ ದಾರಿ ತಪ್ಪಿಸಲು ನೋಡುತ್ತಿದ್ದೆ. ಆಪ್ ತಪ್ಪುವುದು ಕಡಿಮೆಯಾಗುತ್ತ ಬಂತು.

ಪಿತೃಪಕ್ಷ ಕಳೆದ ಮೇಲೆ ಬೀದಿಯವರ ಎದುರಿಗೇ ಪರೀಕ್ಷೆ ಎಂದು ಗೊತ್ತುಮಾಡಿದೆವು. ಚಳ್ಳಕೆರೆಯಿಂದ ಇದೇ ಶೆಟ್ಟರು ಬಂದಿದ್ದರು. ಸರಿಯೆನಿಸಿದರೆ ತಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಆಪ್ ಇಡುತ್ತೇನೆ, ಹಸಿರು ಬಂದ ಸೀರೆಗೆ ಮೊದಲ ಸಾಲು ಕೊಡುತ್ತೇನೆ ಎಂದಿದ್ದರು. ದೇವಸ್ಥಾನದ ಪಡಸಾಲೆಯಲ್ಲಿ ಜಮಖಾನ ಹಾಸಿ ಎಲ್ಲ ಮನೆಯವರೂ ಸೀರೆ ತಂದಿಟ್ಟರು.

“ಮೊದ್ಲು ನಮ್ಮನೇದೇ ಇಡಾಣ,” ಎಂದ ಮಾರ್ಕಂಡ. ಓಬಳೇಶಪ್ಪನವರು ಒಗೆದ ಪಂಚೆ ಉಟ್ಟು, ತಾವು ನೇಯ್ದ ನೇರಳೆ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಇಬ್ಬರೂ ನಮ್ಮ ನಮ್ಮ ಗುಟ್ಟುಪದ ಒತ್ತಿದೆವು. ಅವನು ಮಸೂರ ಇಟ್ಟ.

ಪರದೆ ಕೆಂಪಾಯಿತು.

ಜಾಗ ಬದಲಿಸಿ ಇಟ್ಟ. ಮತ್ತೆ ಕೆಂಪು. ಸೆರಗಿನ ಹತ್ತಿರ ಇಟ್ಟ. ಕೆಂಪು.

ಆಗ ನನಗೆ ಕೇಳಿಸಿತು. ಆ ಪಡಸಾಲೆಯಲ್ಲಲ್ಲ, ನೆನಪಿನಲ್ಲಿ: ಶ್ರಾವಣದಿಂದ ದಿನವೂ ನನ್ನ ಬೆನ್ನ ಹಿಂದೆ ಗುಂಯ್‌ಗುಡುತ್ತಿದ್ದ ಒಂದು ಸದ್ದು. ಕೆಲವು ವರ್ಷಗಳ ಹಿಂದೆ ಓಬಳೇಶಪ್ಪನವರ ಬಲಭುಜ ಹಿಡಿದುಕೊಂಡು, ಹಲಗೆ ಎಳೆಯುವುದು ಅವರಿಗೆ ಆಗದೆ ಹೋಗಿತ್ತು. ಆಗಿನ್ನೂ ಡಿಪ್ಲೊಮಾ ಓದುತ್ತಿದ್ದ ಮಗ ಗುಜರಿಯಿಂದ ಕಾರಿನ ವೈಪರ್ ಮೋಟಾರು ತಂದು ಹಲಗೆಗೆ ಕಟ್ಟಿಕೊಟ್ಟಿದ್ದ. ಲಾಳಿ ಎಸೆಯುವುದು ತಂದೆಯ ಕೈ, ಅಂಚು ಹಿಡಿಯುವುದು ತಾಯಿಯ ಕೈ, ಬಡಿಯುವುದು ಮಾತ್ರ ಮೋಟಾರು. ಬೀದಿಗೆಲ್ಲ ಗೊತ್ತಿದ್ದ ಸಂಗತಿ ಅದು. ಮುಚ್ಚಿಟ್ಟದ್ದೇನೂ ಅಲ್ಲ. ಆದರೆ ಅದನ್ನು ಯಂತ್ರ ಎಂದು ಆ ಬೀದಿಯಲ್ಲಿ ಯಾರೂ ಎಣಿಸಿರಲಿಲ್ಲ. ಕಣ್ಣು ಮಂಜಾದವರು ಕನ್ನಡಕ ಹಾಕಿಕೊಂಡು, ಹಾಕಿಕೊಂಡಿರುವುದನ್ನೇ ಮರೆಯುತ್ತಾರಲ್ಲ, ಹಾಗೆ. ಪೆಟ್ಟನ್ನು ಅಳೆಯುವ ಆಪ್ ಬರೆದವನೇ ಪೆಟ್ಟು ಹಾಕುವ ಮೋಟಾರನ್ನು ಕಟ್ಟಿದ್ದ. ಎರಡನ್ನೂ ಒಟ್ಟಿಗೆ ಯೋಚಿಸಬೇಕೆಂದು ಅವನಿಗೆ ಹೊಳೆದಿರಲಿಲ್ಲ. ದಿನವೂ ಅದರ ಪಕ್ಕದಲ್ಲೇ ಕೂತು ವಾದ ಮಾಡುತ್ತಿದ್ದ ನನಗೂ ಹೊಳೆದಿರಲಿಲ್ಲ.

“ಏಮಂಟಾದಿರಾ?” ಎಂದು ಕೇಳಿದರು ಓಬಳೇಶಪ್ಪನವರು, ಏನನ್ನುತ್ತದೆ ಎಂದು. ಅವರಿಗೆ ಬಣ್ಣ ಕಾಣುತ್ತಿತ್ತು. ಮಗನ ಬಾಯಿಂದ ಕೇಳಬೇಕಿತ್ತು.

ಮಾರ್ಕಂಡ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಮಸೂರಕ್ಕೆ ದೂಳು ಹಿಡಿದಿದೆ, ಬೆಳಕು ಸಾಲದು, ಏನಾದರೂ. ಅವನು ತಂದೆಯನ್ನೇ ನೋಡಿ ಹೇಳಿದ.

“ಮಿಷನ್ ಅಂಟಾದಿ, ನಾಯನಾ.”

ಯಾರೂ ನಗಲಿಲ್ಲ. ಒಬ್ಬರಾದರೂ ಗೇಲಿ ಮಾಡಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆವು. ಓಬಳೇಶಪ್ಪನವರು ಸೀರೆಯನ್ನು ಮಡಿಕೆಯ ಗೆರೆಗೇ ಮಡಿಸಿ, “ಸರೇ” ಎಂದಷ್ಟೇ ಹೇಳಿ ಎದ್ದು ಹೋದರು. ಉಳಿದ ಸೀರೆಗಳಿಗೆ ಒಂದೊಂದಾಗಿ ಹಸಿರು ಬಂತು. ಶೆಟ್ಟರು ನನ್ನ ಬೆನ್ನು ತಟ್ಟಿ, “ಭಾಳ ಚೆನ್ನಾಗೈತೆ ಕಣಮ್ಮ, ಸ್ವಂತ ಅಪ್ಪಂಗೂ ಬಿಡಲ್ಲ!” ಎಂದರು. ಅವರು ಹೊಗಳಿದ್ದರು. ನಮ್ಮ ಆಪ್‌ಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಮರುದಿನ ಓಬಳೇಶಪ್ಪನವರು ಮಗನ ಕೈಯಿಂದಲೇ ಮೋಟಾರು ಬಿಚ್ಚಿಸಿದರು. ಮಗ್ಗಕ್ಕೆ ಹೊಸ ಹಾಸು ಹೂಡಿ, ಹಲಗೆಯನ್ನು ಕೈಯಲ್ಲೇ ಎಳೆಯತೊಡಗಿದರು. ಬೇಡ ಎಂದು ಮಾರ್ಕಂಡ ಹೇಳಿದ, ಅಮ್ಮ ಹೇಳಿದರು. ನಾನಂತೂ ನನ್ನ ಎಲ್ಲ ವಾದವನ್ನೂ ಸುರಿದೆ. “ಲಾಯರಮ್ಮಾ, ನಿನ್ನ ಫೋನು ಹೇಳಿದ್ದು ಸುಳ್ಳಾ?” ಎಂದು ಕೇಳಿದರು. ಅಲ್ಲ ಎಂದೆ. “ಮತ್ತೇನು? ಸುಮ್ನೆ ಕೂತ್ಕೋ” ಎಂದರು. ಅವರ ಮಾತಿನಲ್ಲಿ ಕೋಪವೇ ಇರಲಿಲ್ಲ. ಅದೇ ಕಷ್ಟವಾಗಿತ್ತು.

ಆ ಸೀರೆ ದೀಪಾವಳಿಯನ್ನೂ ದಾಟಿತು. ಮನೆಯಲ್ಲಿ ಗುಂಯ್ ಎನ್ನುವ ಸದ್ದಿರಲಿಲ್ಲ. ಹಲಗೆಯ ಪೆಟ್ಟು, ಒಂದು ನಿಲುಗಡೆ, ಮತ್ತೆ ಪೆಟ್ಟು. ಪ್ರತಿ ನಿಲುಗಡೆಯಲ್ಲೂ ಮಾರ್ಕಂಡನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಡುತ್ತಿತ್ತು. “ಅಂದುಕೋ” ಎಂಬ ದನಿ ಸಣ್ಣದಾಗುತ್ತ ಬಂತು. ಕಾರ್ತಿಕದ ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಅವರು ಸೀರೆಯನ್ನು ಮಗ್ಗದಿಂದ ಇಳಿಸಿ, ಚಾಪೆಯ ಮೇಲೆ ಹರಡಿಸಿ, “ಪೆಟ್ಟಿ ಚೂಡು” ಎಂದರು. ಇಟ್ಟು ನೋಡು.

ಹಸಿರು. ಬೀದಿಯ ಯಾವ ಸೀರೆಗೂ ಬರದಷ್ಟು ಗಾಢ ಹಸಿರು.

“ಇಪ್ಪುಡು?” ಈಗ?

“ಪಚ್ಚ, ನಾಯನಾ. ಎಲ್ಲರಿಗಿಂತ ಜಾಸ್ತಿ.”

ಓಬಳೇಶಪ್ಪನವರು ಮಗುವಿನ ಹಾಗೆ ನಕ್ಕರು. ಹೆಂಡತಿ ಕಾಫಿ ತಂದರು. ಓಬಳೇಶಪ್ಪನವರ ಬಲಗೈ ಮೊಣಕಾಲಿನ ಮೇಲೆ ಇಟ್ಟಲ್ಲೇ ಇತ್ತು; ಎತ್ತಲು ಹೋಗಿ ಎತ್ತಲಾಗದೆ ಸುಮ್ಮನಾದರು. ಆಕೆಯೇ ಲೋಟವನ್ನು ಅವರ ಬಾಯಿಗೆ ಹಿಡಿದರು. ಕುಡಿದು, “ನೋಡಮ್ಮ, ಗೆದ್ದೆ” ಎಂದರು ನನಗೆ.

ಮಾರ್ಕಂಡ ಪರದೆಯನ್ನು ನನ್ನ ಕಡೆ ತಿರುಗಿಸಿದ. ಅಂತರದ ಗೆರೆ ಏರಿಳಿಯುತ್ತ ಹೋಗಿತ್ತು. “ಇದು ಬೆಳಿಗ್ಗೆ ನೇಯ್ದಿದ್ದು,” ಎಂದ ಮೆಲ್ಲಗೆ, ಬೆರಳಿಟ್ಟು ತೋರಿಸುತ್ತ. “ಇಲ್ಲಿ ನೋವು ಶುರುವಾಗೈತೆ. ಇಲ್ಲಿ ಕೈ ಬದಲಾಯಿಸ್ಯಾರೆ. ಇಲ್ಲಿ ಆಗದೇ ನಿಲ್ಸಿ, ಮತ್ತೆ ಬಂದು ಕೂತಾರೆ.” ಅವನಿಗೆ ಅದು ಗೆರೆಯಾಗಿ ಕಾಣುತ್ತಿರಲಿಲ್ಲ.

ನನ್ನನ್ನು ಬಸ್‌ ಸ್ಟ್ಯಾಂಡಿಗೆ ಬಿಡಲು ಬಂದವನು ದಾರಿಯಲ್ಲಿ ಗಾಡಿ ನಿಲ್ಲಿಸಿದ.

“ನನಗೆ ಇದು ಮುಂದುವರ್ಸಾಕೆ ಆಗಲ್ಲ ಸಿಂಧು.”

ನಾನು ಸಿದ್ಧಳಾಗಿದ್ದೆ. ಆ ಹಸಿರನ್ನು ನೋಡಿದ ಕ್ಷಣದಿಂದ ವಾದ ಜೋಡಿಸಿಕೊಂಡಿದ್ದೆ. “ಮೂರನೇ ಬಣ್ಣ ಸೇರಿಸೋಣ. ಕಿತ್ತಳೆ. ಕೈಯಿಂದಲೇ ನೇಯ್ದದ್ದು, ಬಡಿಯೋಕೆ ಮಾತ್ರ ಮೋಟಾರಿನ ಸಹಾಯ. ಸುಳ್ಳೂ ಅಲ್ಲ, ಅವಮಾನವೂ ಅಲ್ಲ.”

“ಹಸಿರು ಪಕ್ಕದಲ್ಲಿರುವಾಗ ಕಿತ್ತಳೆ ಯಾರು ತಗೊಳ್ತಾರೆ? ನಿಮ್ಮ ಚಿಕ್ಕಮ್ಮ ಮಗಳ ಮದುವೆಗೆ ತಗೊಳ್ತಾರಾ?”

“ನಾವು ಮಾಡದಿದ್ದರೆ ಬೇರೆ ಯಾರಾದರೂ ಮಾಡ್ತಾರೆ.”

“ಮಾಡ್ಲಿ. ಬೀದೀಲಿ ಇನ್ನೂ ಎಷ್ಟು ಜನಕ್ಕೆ ಭುಜ ಹೋಗೈತೆ ಗೊತ್ತಾ ನಿನಗೆ? ಎಲ್ಲರೂ ಮೋಟಾರು ಕೇಳ್ತಿದ್ರು ನನ್ನ. ಈಗ ಯಾರೂ ಕೇಳ್ತಿಲ್ಲ. ಹಸಿರು ಬೇಕಲ್ಲ.” ಗಾಡಿಯ ಕನ್ನಡಿಯ ದೂಳನ್ನು ಹೆಬ್ಬೆರಳಲ್ಲಿ ಒರೆಸಿದ. “ನಾವು ಕೈಗೆ ಮಾರ್ಕು ಕೊಡ್ತೀವಿ ಅಂದ್ಕೊಂಡಿದ್ವಿ. ನೋವಿಗೆ ಕೊಡ್ತಿದೀವಿ. ಎಷ್ಟು ನೋವೋ ಅಷ್ಟು ಹಸಿರು.”

ಯಾವ ವೇದಿಕೆಯಲ್ಲೂ ನಾನು ಎರಡನೆಯ ಸುತ್ತು ಬಿಟ್ಟುಕೊಟ್ಟವಳಲ್ಲ. ಅಲ್ಲಿ, ಜಾಲಿಗಿಡಗಳ ಪಕ್ಕ, ದೂಳಿನಲ್ಲಿ, ಬಿಟ್ಟುಕೊಟ್ಟೆ. ಅವನು ಮೋಸ ಮಾಡುತ್ತಾನೆಂದು ಅನುಮಾನಿಸಿ ಎಷ್ಟೆಲ್ಲ ಪರೀಕ್ಷೆ ಒಡ್ಡಿದ್ದೆ. ಅಪ್ಪನ ಮುಂದೆ ಸತ್ಯ ಹೇಳಿದವನು, ಆ ಸತ್ಯವನ್ನೇ ಅಪ್ಪನಿಗಾಗಿ ಬಿಟ್ಟು ಹೊರಟವನು. ಇಂಥವನನ್ನು ಕಳೆದುಕೊಳ್ಳುವುದಕ್ಕೆ ನನ್ನ ಯಾವ ಷರತ್ತಿನಲ್ಲೂ ಜಾಗವಿರಲಿಲ್ಲ.

“ಬರೆದಿದ್ದೆಲ್ಲ ನಿನ್ನ ಹತ್ರಾನೇ ಐತೆ. ಯಾವುದು ಏನು ಅಂತ ಪಕ್ಕದಲ್ಲಿ ಕನ್ನಡದಲ್ಲೇ ಬರ್ದೀನಿ, ಬೇರೆ ಯಾರು ಬಂದ್ರೂ ಅರ್ಥ ಆಗುತ್ತೆ,” ಎಂದ. ಆಮೇಲೆ ತನ್ನ ಗುಟ್ಟುಪದ ಹೇಳಿದ. “ಅಂದುಕೋ.”

ನಾನು ಅವನಿಗೆ ನನ್ನದನ್ನು ಹೇಳಲಿಲ್ಲ. ಅವನು ಕೇಳಲಿಲ್ಲ.

ಹೃದಯ ಒಡೆದುಕೊಂಡವರನ್ನು ಸಂತೈಸುವ ರೀತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗಂಡು ಬಿಟ್ಟು ಹೋದನೆಂದರೆ ಬೀದಿಯೇ ಬಂದು ಕೂರುತ್ತದೆ. ಕೋ-ಫೌಂಡರ್ ಬಿಟ್ಟು ಹೋದ ಎಂದರೆ ಯಾರು ಬರುತ್ತಾರೆ? ನಮ್ಮದು ಪ್ರೇಮವೇ ಎಂದು ಅವ್ವ ಒಮ್ಮೆ ಕೇಳಿದಳು. ಅಲ್ಲ ಎಂದೆ. ಅವಳು ನಂಬಲಿಲ್ಲ, ನಾನೂ ಸಾಬೀತು ಮಾಡಲು ಹೋಗಲಿಲ್ಲ. ಪ್ರೇಮವಾಗಿದ್ದರೆ ಆ ನೋವಿಗೆ ಒಂದು ಹೆಸರಾದರೂ ಇರುತ್ತಿತ್ತು. ಆಮೇಲೆಯೂ ಕೆಲವರು ಬಂದರು, ಜಾಣರೇ. ತೂತಿನ ಬಲೆಯನ್ನು ಒಡ್ಡುವ ಮನಸ್ಸೇ ಬರಲಿಲ್ಲ.

ಓಬಳೇಶಪ್ಪನವರು ಮತ್ತೆ ಕುಣಿಗೆ ಇಳಿಯಲಿಲ್ಲ. ಮಾರ್ಕಂಡ ಕುದಾಪುರದ ಕೆಲಸ ಬಿಟ್ಟು, ಬೀದಿಯ ಮಗ್ಗಗಳಿಗೆ ಮೋಟಾರು ಕಟ್ಟಿಕೊಡುತ್ತಿದ್ದಾನಂತೆ. ಹಸಿರಿನ ಸುದ್ದಿ ಎತ್ತಿದವರಿಗೆ, ಆ ಆಪ್ ಕೆಟ್ಟು ಹೋಯಿತು ಎಂದು ಹೇಳುತ್ತಾನಂತೆ. ನನಗೆ ತಿಳಿದಂತೆ ಅವನು ಹೇಳುವ ಸುಳ್ಳು ಅದೊಂದೇ.

“ಏನೇ, ಬೀದಿ ನೋಡ್ತಾ ನಿಂತೆ?” ಚಿಕ್ಕಮ್ಮ ಮೊಣಕೈಯಲ್ಲಿ ತಿವಿದಳು. “ನೀನೇ ಏನೋ ಮಾಡಿದ್ಯಲ್ಲ, ಫೋನಾಗೆ. ತೆಗಿ, ಈ ಸೀರೆ ಮ್ಯಾಲೆ ಇಟ್ಟು ನೋಡಾಣ.”

“ಹ್ಞೂಂ ಕಣಮ್ಮ, ಐತಾ ಇನ್ನೂ ಅದು?” ಎಂದರು ಶೆಟ್ಟರು. “ನಿಮ್ಮ ಆ ಹುಡುಗ ಎಲ್ಲಿ ಈಗ?”

ನಾನು ಅರಿಶಿನ ಸೀರೆಯ ಮೇಲೆ ಬೆರಳಾಡಿಸಿದೆ. ಅಂಚು ಕೂಡಿದ ಕಡೆ ಇಬ್ಬರ ಕೈ ಗೊತ್ತಾಗುತ್ತಿತ್ತು. ಒಡಲು ಒಂದೇ ಸಮ, ನಯವಾಗಿ, ಎಲ್ಲೂ ಏರುಪೇರಿಲ್ಲದೆ ಹರಡಿತ್ತು. ಯಾರದ್ದೋ ಭುಜ ನೋಯದೆ ನೇಯ್ದ ಸೀರೆ. ಮಸೂರ ಇಟ್ಟರೆ ಕೆಂಪು ಬರುತ್ತದೆ. ಚೀಲದ ಸಣ್ಣ ಜೇಬಿನಲ್ಲಿ ಮಸೂರ ಇನ್ನೂ ಇತ್ತು. ಫೋನು ತೆಗೆದೆ. ಆಪ್ ಮುಟ್ಟಿದೊಡನೆ ಎರಡು ಖಾಲಿ ಜಾಗಗಳು ಒಂದರ ಕೆಳಗೊಂದು ತೆರೆದುಕೊಂಡವು. ಮೇಲಿನದು ನನ್ನದು. ಕೆಳಗಿನದೂ ನನಗೆ ಗೊತ್ತು.

“ಏನಂತೈತೆ?” ಚಿಕ್ಕಮ್ಮ ಬಗ್ಗಿದಳು.

“ಇದಕ್ಕೆ ಇಬ್ಬರು ಬೇಕು ಚಿಕ್ಕಮ್ಮ,” ಎಂದೆ. “ಒಬ್ಬಳಿಂದ ತೆಗೆಯಾಕೆ ಬರಲ್ಲ.”